ದೇಹದೊಳಗೆ ಕೀಲು, ಕಳೆದುಹೋದ ಚೀಟಿ



ಮನೆಗೆ ಮಿಕ್ಸಿ ತಂದವರು ಅದರ ಗ್ಯಾರಂಟಿ ಕಾರ್ಡನ್ನು ಬೀರುವಿನಲ್ಲಿ ಜೋಪಾನವಾಗಿ ಇಡುತ್ತಾರೆ. ಆದರೆ ಸೊಂಟದ ಕೀಲು ಬದಲಿಸಿಕೊಂಡ ಹಿರಿಯರನ್ನು ಕೇಳಿ ನೋಡಿ: ಒಳಗಿರುವ ಕೀಲು ಯಾವ ಕಂಪನಿಯದು, ಯಾವ ಮಾದರಿಯದು? ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮಿಕ್ಸಿ ಕೆಟ್ಟರೆ ಅಂಗಡಿಗೆ ಒಯ್ಯಬಹುದು. ಮೈಯೊಳಗೆ ಕೂತದ್ದು ಕೆಟ್ಟರೆ?

ಈ ಪ್ರಶ್ನೆ ಹೊಸದಲ್ಲ. ಇಂದಿನ ಕೃತಕ ಕೀಲಿಗೆ ರೂಪ ಕೊಟ್ಟವರು ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ. 1950ರ ದಶಕದ ಕೊನೆಯಲ್ಲಿ ಅವರು ತೊಡೆಮೂಳೆಯ ತುದಿಗೆ ಲೋಹದ ಗುಂಡನ್ನೂ, ಅದು ತಿರುಗುವ ಜಾಗಕ್ಕೆ ಟೆಫ್ಲಾನ್ ಬಟ್ಟಲನ್ನೂ ಜೋಡಿಸಿದರು. ದೋಸೆ ಅಂಟದ ಕಾವಲಿಗೆ ಬಳಿಯುತ್ತಾರಲ್ಲ, ಅದೇ ಟೆಫ್ಲಾನ್. ನೋವಿನಿಂದ ನರಳುತ್ತಿದ್ದವರು ಎದ್ದು ನಡೆದರು. ಆದರೆ ಕೆಲವೇ ವರ್ಷಗಳಲ್ಲಿ ಬಟ್ಟಲು ಸವೆಯಿತು. ಉದುರಿದ ಪುಡಿಯಿಂದ ಸುತ್ತಲಿನ ಅಂಗಾಂಶ ಕೆಟ್ಟು ಕೀಲು ಸಡಿಲವಾಯಿತು. ಚಾರ್ನ್‌ಲಿ ಆ ವಸ್ತುವನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಪರೀಕ್ಷಿಸಿದರು. 1962ರಲ್ಲಿ ಗಟ್ಟಿಯಾದ ಪಾಲಿಥೀನ್ ಬಟ್ಟಲಿಗೆ ಬದಲಾದರು. ಮರಣಾನಂತರ ಕೀಲನ್ನು ಪರೀಕ್ಷೆಗಾಗಿ ಹಿಂದಿರುಗಿಸಲು ರೋಗಿಗಳ ಒಪ್ಪಿಗೆಯನ್ನೂ ಕೇಳುತ್ತಿದ್ದರು. ಶಸ್ತ್ರಚಿಕಿತ್ಸೆ ಮುಗಿದ ಮಾತ್ರಕ್ಕೆ ಕೀಲಿನ ಲೆಕ್ಕ ಮುಗಿಯುವುದಿಲ್ಲ ಎಂಬುದನ್ನು ಅವರು ಅನುಭವದಿಂದ ಕಲಿತಿದ್ದರು.

ಈ ಪಾಠ ಮರೆತಾಗ ಏನಾಯಿತು ನೋಡಿ. 2003ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಡೆಪ್ಯೂ ಕಂಪನಿ ಎಎಸ್ಆರ್ ಎಂಬ ಕೀಲನ್ನು ಮಾರುಕಟ್ಟೆಗೆ ತಂದಿತು. ಗುಂಡೂ ಲೋಹ, ಬಟ್ಟಲೂ ಲೋಹ. ಲೋಹ ಬೇಗ ಸವೆಯದು, ಚಟುವಟಿಕೆಯ ವಯಸ್ಸಿನವರಿಗೆ ಇದೇ ಸರಿ ಎಂಬ ನಿರೀಕ್ಷೆ. ಆದರೆ ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್ ಮತ್ತು ಕ್ರೋಮಿಯಂನ ಅತಿಸೂಕ್ಷ್ಮ ಕಣಗಳು ಉದುರಿದವು. ಅವುಗಳ ಅಂಶ ರಕ್ತಕ್ಕೂ ಸೇರಿತು. ಕೀಲಿನ ಸುತ್ತ ಗಡ್ಡೆಯಂಥ ಊತ ಬಂತು, ಸ್ನಾಯು ನಶಿಸಿತು, ಮೂಳೆ ಸವೆಯಿತು. ಕೋಬಾಲ್ಟ್ ಬಹಳ ಏರಿದ ಅಪರೂಪದ ಪ್ರಕರಣಗಳಲ್ಲಿ ಕಿವಿ, ಕಣ್ಣು, ಹೃದಯಕ್ಕೂ ತೊಂದರೆ ಕಂಡಿತು.

ಕೆಟ್ಟ ಕೀಲನ್ನು ತೆಗೆದರೆ ಎಲ್ಲ ಸರಿಹೋಗುತ್ತದೆಯೇ? ರಕ್ತದಲ್ಲಿನ ಲೋಹ ನಿಧಾನವಾಗಿ ಇಳಿಯುತ್ತದೆ. ಆದರೆ ನಶಿಸಿದ ಸ್ನಾಯು ಮರಳಿ ಬರುವುದಿಲ್ಲ. ಮೂಳೆ ಕಡಿಮೆಯಾದಷ್ಟೂ ಎರಡನೆಯ ಶಸ್ತ್ರಚಿಕಿತ್ಸೆ ಕಷ್ಟ. ಕೆಲವರಿಗೆ ಊರುಗೋಲು ಕಾಯಂ ಆಗುತ್ತದೆ. ಇನ್ನೊಂದು ಅಪಾಯವೆಂದರೆ, ನೋವೇ ಇಲ್ಲದವರಲ್ಲೂ ಒಳಗೆ ಹಾನಿ ನಡೆದಿರಬಹುದು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರಷ್ಟೇ ಅದು ತಿಳಿಯುತ್ತದೆ.

ಈ ದೋಷವನ್ನು ಬಯಲು ಮಾಡಿದ್ದರಲ್ಲಿ ದಫ್ತರದ ಪಾಲು ದೊಡ್ಡದು. ಆಸ್ಟ್ರೇಲಿಯಾದಲ್ಲಿ 1999ರಿಂದ ಯಾರಿಗೆ ಯಾವ ಕೀಲು ಹಾಕಲಾಯಿತು, ಯಾವಾಗ ತೆಗೆಯಲಾಯಿತು ಎಂಬ ರಾಷ್ಟ್ರೀಯ ದಾಖಲೆ ಇದೆ. ಎಎಸ್ಆರ್ ಬೇಗ ವಿಫಲವಾಗುತ್ತಿದೆ ಎಂದು ಆ ಲೆಕ್ಕವೇ ತೋರಿಸಿತು. 2009ರಲ್ಲಿ ಅಲ್ಲಿ ಮಾರಾಟ ನಿಂತಿತು. 2010ರ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಅದನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು 93,000 ಜನರ ದೇಹ ಸೇರಿತ್ತು.

ಭಾರತದಲ್ಲಿ ನಡೆದ ಇಂಥ ಶಸ್ತ್ರಚಿಕಿತ್ಸೆಗಳು ಸುಮಾರು 4,700. ಕೇಂದ್ರ ಸರ್ಕಾರ 2017ರಲ್ಲಿ ತಜ್ಞರ ಸಮಿತಿ ನೇಮಿಸಿತು. 2018ರಲ್ಲಿ ಪರಿಹಾರದ ಸೂತ್ರ ಸಿದ್ಧವಾಯಿತು: ರೂ. 30 ಲಕ್ಷದಿಂದ ಸುಮಾರು ರೂ. 1.23 ಕೋಟಿವರೆಗೆ. ಆದರೆ ಪತ್ತೆಯಾಗಿದ್ದವರು ಸಾವಿರದ ಆಸುಪಾಸಿನಷ್ಟೇ ರೋಗಿಗಳು. ಪತ್ತೆಯಾಗದವರನ್ನು ಪರೀಕ್ಷೆಗೆ ಕರೆಯುವುದು ಹೇಗೆ? ಪರಿಹಾರವನ್ನು ಕೊಡುವುದಾದರೂ ಯಾರಿಗೆ?

ಇದನ್ನು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ಬಹುಪಾಲು ಕೃತಕ ಕೀಲುಗಳು ಹತ್ತಾರು ವರ್ಷ ಸೊಗಸಾಗಿ ಕೆಲಸ ಮಾಡುತ್ತವೆ. ಭಾರತದಲ್ಲೂ ಇಂಥ ಸಾಧನಗಳ ದೋಷವನ್ನು ವರದಿ ಮಾಡುವ ವ್ಯವಸ್ಥೆ 2015ರಲ್ಲಿ ಆರಂಭವಾಗಿದೆ; ರೋಗಿಯೂ ದೂರು ಕೊಡಬಹುದು. ಆದರೆ ದೂರು ಕೊಡಲು ಒಳಗಿರುವುದರ ಹೆಸರಾದರೂ ಗೊತ್ತಿರಬೇಕಲ್ಲ!

ಕೀಲಿನ ಪೊಟ್ಟಣದ ಜೊತೆ ಮಾದರಿ ಮತ್ತು ತಯಾರಿಕಾ ಸಂಖ್ಯೆ ಅಚ್ಚಾದ ಚೀಟಿ ಬರುತ್ತದೆ. ಆಸ್ಪತ್ರೆಯವರು ಅದನ್ನು ಕಡತಕ್ಕೆ ಅಂಟಿಸುತ್ತಾರೆ. ಮನೆಗೆ ಹೊರಡುವ ಮುನ್ನ ಅದರ ಒಂದು ಪ್ರತಿ ಕೇಳಿ ಪಡೆಯಿರಿ. ಮಿಕ್ಸಿಯ ಕಾರ್ಡಿನ ಪಕ್ಕದಲ್ಲೇ ಇಡಿ. ಮಿಕ್ಸಿ ಹೋದರೂ ಆ ಚೀಟಿ ಉಳಿಯಲಿ.