ಕೋಣೆಯ ದುರಸ್ತಿಯೂ ದೀಪದ ತಂತಿಯೂ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿಯಿತು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದವು. ನೀರಿಳಿದ ಮೇಲೆ ಗೋಡೆಗೆ ಸುಣ್ಣ ಬಳಿಯುವವರೇ ಎಲ್ಲರೂ. ಗೋಡೆಯೊಳಗೆ ನೆನೆದ ತಂತಿಯನ್ನು ನೋಡುವವರು ಕಡಿಮೆ.

ಒಂದು ಮಾತು ನೆನಪಿಡಿರಿ. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 6 ಆಂಪಿಯರಿನ ಫ್ಯೂಸು ಕರಗುವುದಕ್ಕೆ ಬೇಕಾದ ವಿದ್ಯುತ್ತಿನಲ್ಲಿ ನೂರರಲ್ಲೊಂದು ಪಾಲು ಎದೆಯ ಮೂಲಕ ಹರಿದರೂ ಪ್ರಾಣ ಹೋಗಬಹುದು. ಆದ್ದರಿಂದ 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಆರ್‌ಸಿಸಿಬಿ ಹಾಕಿಸಿರಿ.

ದುರಸ್ತಿಗೆ ಮೊದಲು ಮೇನು ತೆಗೆಯಿರಿ. ಟೆಸ್ಟರಿನಿಂದ ನೋಡದೆ ಮುಟ್ಟಬೇಡಿರಿ. ಸ್ವಿಚ್ಚು ಫೇಸ್ ತಂತಿಯಲ್ಲೇ ಇರಲಿ. ನ್ಯೂಟ್ರಲಿನಲ್ಲಿದ್ದರೆ ದೀಪ ಆರಿದರೂ ಹೋಲ್ಡರಿನಲ್ಲಿ 230 ವೋಲ್ಟು ನಿಂತಿರುತ್ತದೆ. ದೀಪಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಹಸಿರು ತಂತಿ ಅರ್ಥಿಗೆ ಮಾತ್ರ. ಜೋಡಣೆಗಳು ಪೆಟ್ಟಿಗೆಯೊಳಗಿರಲಿ, ಗಾರೆಯಲ್ಲಿ ಹೂಳಬೇಡಿರಿ. ಕಡಲೂರಿನ ಉಪ್ಪುಗಾಳಿಗೆ ಸಡಿಲ ಜೋಡಣೆ ಬೇಗ ಕಿಲುಬು ಹಿಡಿದು ಬಿಸಿಯಾಗುತ್ತದೆ.

ಕೋಣೆ ಮಾಲಿಕರದು, ಪ್ರಾಣ ನಮ್ಮದು. ಪರವಾನಗಿಯುಳ್ಳ ಕೆಲಸಗಾರನನ್ನೇ ಕರೆಸಿರೆಂದು ಒಬ್ಬೊಬ್ಬರೇ ಕೇಳಿದರೆ ಮಾಲಿಕರು ಕೇಳಿಸಿಕೊಳ್ಳಲಿಕ್ಕಿಲ್ಲ, ಒಟ್ಟಾಗಿ ಕೇಳೋಣ.