ಡೇಟಾಬೇಸ್‌ಗೆ 777 ಕೊಡೋ ಮೊದಲು

ಡೊಂಬಿವಲಿ, ಕಲ್ಯಾಣದಿಂದ ದಿನಾ ಐರೋಲಿ, ಮಹಾಪೆ ಕಡೆ ಕೆಲಸಕ್ಕೆ ಹೋಗೋ ನಮ್ಮವರಲ್ಲಿ ಸರ್ವರ್ ನೋಡಿಕೊಳ್ಳೋರೂ ಇದ್ದೀರಿ. ಇವತ್ತಿನ ಮಾತು ನಿಮಗೆ: ಡೇಟಾಬೇಸ್ ಫೈಲ್‌ಗಳ ಪರ್ಮಿಶನ್.

'ಪರ್ಮಿಶನ್ ಡಿನೈಡ್' ಅಂತ ಬಂದ ಕೂಡಲೇ ಕೈ 777 ಕಡೆ ಓಡುತ್ತೆ. ಆ ಮೂರು ಅಂಕಿ ಯಾರಿಗೆ? ಮೊದಲನೆಯದು ಮಾಲೀಕನಿಗೆ, ಎರಡನೆಯದು ಗ್ರೂಪ್‌ಗೆ, ಮೂರನೆಯದು ಉಳಿದ ಎಲ್ಲರಿಗೆ. ಓದೋಕೆ 4, ಬರೆಯೋಕೆ 2, ಫೈಲ್ ನಡೆಸೋಕೆ ಅಥವಾ ಫೋಲ್ಡರ್ ಒಳಗೆ ಹೋಗೋಕೆ 1. ಅಂದ್ರೆ 777 ಕೊಟ್ಟರೆ ಬಾಗಿಲು ತೆಗೆದಿಟ್ಟು ಊರಿಗೆ ಹೋದ ಹಾಗೆ.

ಎಷ್ಟೋ ಸಲ ಅದರಿಂದ ಕೆಲಸವೂ ಆಗಲ್ಲ. ಪೋಸ್ಟ್‌ಗ್ರೆಸ್ ತನ್ನ ಡೇಟಾ ಡೈರೆಕ್ಟರಿಗೆ 700 ಕೇಳುತ್ತೆ. 2018ರಲ್ಲಿ ಬಂದ 11ನೇ ಆವೃತ್ತಿಯಿಂದ 750 ಕೂಡ ನಡೆಯುತ್ತೆ. ಅದಕ್ಕಿಂತ ಸಡಿಲ ಇದ್ದರೆ ಸರ್ವರ್ ಶುರುವಾಗೋದೇ ಇಲ್ಲ. ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್, ಯಾರು ಬೇಕಾದರೂ ತಿದ್ದಬಹುದಾದ ಕಾನ್ಫಿಗ್ ಫೈಲನ್ನು ಓದದೇ ಬಿಡುತ್ತೆ. ಆಮೇಲೆ 'ಸೆಟಿಂಗ್ ಬದಲಾಯಿಸಿದೆ, ಏನೂ ಆಗ್ಲಿಲ್ಲ' ಅಂತ ತಲೆ ಕೆರೆದುಕೊಳ್ಳಬೇಕು.

ಎಸ್‌ಕ್ಯೂಎಲೈಟ್ ಕಥೆ ಬೇರೆ. ಫೈಲ್‌ಗೆ ಬರೆಯೋ ಅನುಮತಿ ಇದ್ದರೂ 'ರೀಡ್‌ಓನ್ಲಿ ಡೇಟಾಬೇಸ್' ಅನ್ನಬಹುದು. ಯಾಕಂದ್ರೆ ಬರೆಯುವಾಗ ಅದು ಪಕ್ಕದಲ್ಲೇ ಒಂದು ಜರ್ನಲ್ ಫೈಲ್ ಮಾಡಿಕೊಳ್ಳುತ್ತೆ. ಹಾಗಾಗಿ ಫೋಲ್ಡರ್‌ಗೂ ಬರೆಯೋ ಅನುಮತಿ ಬೇಕು, ಆದರೆ ಆ ಸರ್ವಿಸ್ ನಡೆಸೋ ಯೂಸರ್‌ಗೆ ಮಾತ್ರ.

ಹಾಗಾದ್ರೆ ಏನು ಮಾಡೋದು? ಮೊದಲು ಸರ್ವಿಸ್ ಯಾವ ಯೂಸರ್ ಹೆಸರಲ್ಲಿ ಓಡ್ತಿದೆ ನೋಡಿ. ಆಮೇಲೆ ಫೈಲ್ ಮಾತ್ರ ಅಲ್ಲ, ಅಲ್ಲಿಗೆ ಹೋಗೋ ದಾರಿಯ ಪ್ರತಿ ಫೋಲ್ಡರ್‌ನ ಮಾಲೀಕ ಯಾರು, ಪರ್ಮಿಶನ್ ಎಷ್ಟು ಅಂತ ನೋಡಿ. ಮಾಲೀಕ ತಪ್ಪಿದ್ದರೆ ಮಾಲೀಕನನ್ನೇ ಬದಲಾಯಿಸಿ, ಅಂಕಿ ಹಿಗ್ಗಿಸಬೇಡಿ. ರೆಡ್ ಹ್ಯಾಟ್ ಬಳಗದ ಲಿನಕ್ಸ್ ಆದರೆ ಎಸ್‌ಇಲಿನಕ್ಸ್ ಲೇಬಲ್ಲೂ ನೋಡಿ. ಅದು ತಡೆದರೆ 777 ಕೊಟ್ಟರೂ ಬಾಗಿಲು ತೆರೆಯಲ್ಲ.

ಕೊನೆಗೆ ಬ್ಯಾಕಪ್. ಡೇಟಾಬೇಸ್ 700ರಲ್ಲಿ ಭದ್ರವಾಗಿರುತ್ತೆ, ಡಂಪ್ ಫೈಲ್ ಮಾತ್ರ 644. ಅಂದ್ರೆ ಆ ಫೋಲ್ಡರ್‌ವರೆಗೆ ಬರೋ ಯಾರು ಬೇಕಾದರೂ ಓದಬಹುದು. ಬ್ಯಾಕಪ್ ಸ್ಕ್ರಿಪ್ಟ್‌ನ ಮೇಲ್ಗಡೆ 'ಯುಮಾಸ್ಕ್ 077' ಒಂದು ಸಾಲು ಸೇರಿಸಿ, ಹೊಸ ಡಂಪ್ 600 ಆಗುತ್ತೆ. ಹಳೇ ಡಂಪ್‌ಗಳನ್ನು ನೀವೇ ಸರಿ ಮಾಡಬೇಕು.

ಆ ಡಂಪ್‌ನಲ್ಲಿರೋದು ಬರೀ ಟೇಬಲ್ ಅಲ್ಲ. ಯಾರದೋ ಸಂಬಳ, ಯಾರದೋ ಮನೆ ವಿಳಾಸ, ನಮ್ಮ ಸಂಘದ ಸದಸ್ಯರ ಫೋನ್ ನಂಬರ್. ನಾಳೆ ಲಾಗಿನ್ ಆದಾಗ ಮೊದಲು ಬ್ಯಾಕಪ್ ಫೋಲ್ಡರ್ ನೋಡಿ.