ಕಾಡುಪಾಪ



ಕಿತ್ತೂರಿನ ಸಮೀಪದ ದೇಗಾಂವದಲ್ಲಿ ಕಮಲನಾರಾಯಣನ ಗುಡಿಯನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿಂದ ಪಡುವಣಕ್ಕೆ ಹೊರಟರೆ ಎರೆಹೊಲಗಳು ಹಿಂದುಳಿದು ಖಾನಾಪುರದ ಕಾಡು ಬರುತ್ತದೆ. ಅದರಾಚೆ ಘಟ್ಟ, ಘಟ್ಟದ ಕೆಳಗೆ ಗೋವೆ. ಗೋವೆಯಿಂದ ತೆಂಕಣಕ್ಕೆ ಹಬ್ಬಿದ ಈ ಘಟ್ಟದ ಸಾಲಿನಲ್ಲಿ ಹಗಲೆಲ್ಲ ಮಲಗಿ ಇರುಳು ಓಡಾಡುವ ಒಂದು ಪುಟ್ಟ ಪ್ರಾಣಿಯಿದೆ. ಅದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಕಾಡುಪಾಪ. ಕಾಡಿನ ಕೂಸು ಎಂದು ಅರ್ಥ. ಎಷ್ಟು ಅಕ್ಕರೆಯ ಹೆಸರು! ಆದರೆ ನಾವು ಅದನ್ನು ಅಕ್ಕರೆಯಿಂದ ನೋಡಿಕೊಂಡಿದ್ದೇವೆಯೇ?

ಕಾಡುಪಾಪ ಕೋತಿಯಲ್ಲ, ಅಳಿಲೂ ಅಲ್ಲ. ಮಡಗಾಸ್ಕರ್ ದ್ವೀಪದಲ್ಲಿ ಮಾತ್ರ ಕಾಣಸಿಗುವ ಲೆಮ್ಯೂರ್‌ಗಳ ದಾಯಾದಿ ಅದು. ಮೈಯುದ್ದ ಒಂದು ಗೇಣು, ತೂಕ ಸುಮಾರು ಕಾಲು ಕಿಲೋ. ಬಾಲವಿಲ್ಲ. ಕೈಕಾಲು ಬರೆಯುವ ಸೀಸದಕಡ್ಡಿಯಂತೆ ಸಪೂರ. ದುಂಡು ಮೋರೆಯ ತುಂಬ ಎರಡು ದೊಡ್ಡ ಕಣ್ಣು. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಂದಿರುಗಿಸುವ ಕನ್ನಡಿಯಂಥ ಪೊರೆಯಿರುವುದರಿಂದ, ಇರುಳಲ್ಲಿ ದೀಪ ಬಿದ್ದರೆ ಅವು ಕೆಂಡದಂತೆ ಹೊಳೆಯುತ್ತವೆ.

ಅದರ ನಡಿಗೆ ನೋಡುವಂಥದು. ಒಂದು ಕೈ ಮುಂದಿಟ್ಟು, ರೆಂಬೆ ಗಟ್ಟಿಯಿದೆಯೆಂದು ತಿಳಿದ ಮೇಲೆಯೇ ಇನ್ನೊಂದು ಹೆಜ್ಜೆ. ಹೆಬ್ಬೆರಳು ಮಿಕ್ಕ ಬೆರಳುಗಳಿಗೆ ಎದುರಾಗಿ ನಿಂತು ಚಿಮಟದಂತೆ ಹಿಡಿಯುತ್ತದೆ. ಆ ಹಿಡಿತದಲ್ಲಿ ತಾಸುಗಟ್ಟಲೆ ಇದ್ದರೂ ಕೈ ಸೋಲದು. ಇರುವೆ, ಗೆದ್ದಲು, ಜೀರುಂಡೆಗಳೇ ಅದರ ಊಟ. ಹೊಲಗಾರನಿಗೆ ಅದರಿಂದ ಕೇಡಿಲ್ಲ. ಗರ್ಭ ಧರಿಸಿದ ಐದೂವರೆ ತಿಂಗಳಿಗೆ ತಾಯಿ ಒಂದೋ ಎರಡೋ ಮರಿ ಹಾಕುತ್ತದೆ. ಮೊದಮೊದಲು ಅವನ್ನು ಹೊಟ್ಟೆಗಪ್ಪಿಕೊಂಡು ತಿರುಗಿ, ಕೆಲವು ವಾರಗಳಾದ ಮೇಲೆ ಇರುಳಲ್ಲಿ ಒಂದು ಕೊಂಬೆಯ ಮೇಲೆ ಕೂರಿಸಿ ಆಹಾರಕ್ಕೆ ಹೊರಡುತ್ತದೆ. ತಾಯಿ ಮರಳುವವರೆಗೆ ಮರಿ ಅಲ್ಲೇ ಕಾದಿರುತ್ತದೆ.

ಇಷ್ಟೆಲ್ಲ ಇದ್ದರೂ ಕಾಡುಪಾಪಕ್ಕೆ ಒಂದು ಕೊರತೆಯಿದೆ. ಕೋತಿಯಂತೆ ಅದು ಮರದಿಂದ ಮರಕ್ಕೆ ನೆಗೆಯಲಾರದು. ರೆಂಬೆಗೆ ರೆಂಬೆ ತಾಗಿದ್ದರಷ್ಟೇ ಅದಕ್ಕೆ ದಾರಿ. ನಾವು ಬದುವಿನ ನಾಲ್ಕು ಮರ ಕಡಿದರೆ ನಮಗೆ ಅದು ನಾಲ್ಕು ಮರದ ಲೆಕ್ಕ. ಕಾಡುಪಾಪಕ್ಕೆ ಊರಿನ ಸೇತುವೆ ಮುರಿದಂತೆ. ಆಮೇಲೆ ಅದು ನೆಲಕ್ಕಿಳಿದು ನಾಯಿಯ ಬಾಯಿಗೆ, ಗಾಡಿಯ ಚಕ್ರಕ್ಕೆ ಸಿಕ್ಕುತ್ತದೆ. ಇಲ್ಲವೇ ವಿದ್ಯುತ್ತಿನ ತಂತಿಯನ್ನೇ ಬಳ್ಳಿಯೆಂದು ಹಿಡಿದು ಸಾಯುತ್ತದೆ.

ಎರಡನೆಯ ಕೇಡು ನಮ್ಮ ಮೌಢ್ಯದ್ದು. ಅದರ ಕಣ್ಣು ವಶೀಕರಣಕ್ಕೆ ಬರುತ್ತದೆಂದು, ಮದ್ದಿಗೆ ಆಗುತ್ತದೆಂದು ನಂಬಿ ಹಿಡಿದು ಕೊಂದವರುಂಟು. ಅದರ ಅಂಗಕ್ಕೆ ನೋವು ಮಾಡಿದರೆ ಹಗೆಯ ಅಂಗಕ್ಕೆ ನೋವಾಗುತ್ತದೆಂದು ಮಾಟಕ್ಕೆ ಬಳಸಿದವರುಂಟು. ಬಂಧುಗಳೇ, ಆ ಕಣ್ಣು ಅದಕ್ಕೆ ಕತ್ತಲಲ್ಲಿ ಇರುವೆ ಹುಡುಕಲು ಬಂದದ್ದೇ ಹೊರತು ನಮ್ಮ ಶತ್ರುವನ್ನು ಗೆಲ್ಲಲು ಬಂದದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಕಾಡುಪಾಪದ ಹೆಸರಿದೆ. ಅದನ್ನು ಹಿಡಿದರೂ ಕೊಂದರೂ ಸೆರೆಮನೆ ತಪ್ಪದು.

ಇದು ಘಟ್ಟದವರ ಮಾತೆಂದು ಬಯಲುಸೀಮೆಯವರು ಸುಮ್ಮನಿರುವಂತಿಲ್ಲ. ಇದರ ಇನ್ನೊಂದು ಬಳಗ ಒಣನೆಲದ ಕುರುಚಲು ಕಾಡಿನಲ್ಲಿ, ಹುಣಿಸೆ ತೋಪಿನಲ್ಲಿ, ಮುಳ್ಳುಬೇಲಿಯಲ್ಲಿ ಬಾಳುತ್ತದೆ. ತುಮಕೂರು ಸೀಮೆಯ ನಾಗವಲ್ಲಿಯಲ್ಲಿ ಅವು ಊರಿನ ಮಗ್ಗುಲಲ್ಲೇ ಕಂಡಿವೆ. ಬೆಂಗಳೂರಿನಂಥ ನಗರದಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲಿ ಅವು ಉಳಿದುಕೊಂಡಿವೆ. ನೆರೆಯ ತಮಿಳುನಾಡು 2022ರಲ್ಲಿ ಕಡವೂರಿನ ಕಾಡನ್ನು ಕಾಡುಪಾಪಕ್ಕೆಂದೇ ಅಭಯಾರಣ್ಯವೆಂದು ಸಾರಿತು. ನಾಡಿನಲ್ಲಿ ಇಂಥದು ಅದೇ ಮೊದಲು.

ನಾವು ಮಾಡಬೇಕಾದ್ದೇನು? ಬೇಲಿಯ ಮರ, ಬದುವಿನ ಮರಗಳ ನೆತ್ತಿ ಒಂದಕ್ಕೊಂದು ತಾಗಿದ್ದರೆ ಹಾಗೇ ಬಿಡೋಣ. ಇರುಳಲ್ಲಿ ಕೆಂಗಣ್ಣು ಹೊಳೆದರೆ ದೆವ್ವವೆಂದು ಕಲ್ಲು ಬೀರುವುದು ಬೇಡ. ಗಾಯಗೊಂಡ ಕಾಡುಪಾಪ ಸಿಕ್ಕರೆ ಮನೆಯಲ್ಲಿಟ್ಟು ಸಾಕುವುದೂ ಬೇಡ; ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿ.

ತೊಟ್ಟಿಲ ಕೂಸಿಗೆ ನಾವು ಕಾವಲಿರುತ್ತೇವೆ. ಕಾಡಿನ ಕೂಸಿಗೆ ಕಾವಲೂ ಬೇಡ, ತೊಟ್ಟಿಲೂ ಬೇಡ. ಅದು ಕೇಳುವುದು ಕೈಗೆಟುಕುವಷ್ಟು ದೂರದಲ್ಲಿ ಇನ್ನೊಂದು ರೆಂಬೆ. ಅಷ್ಟನ್ನು ಉಳಿಸಿಕೊಡೋಣ.